ಕೋವರ್ಕಿಂಗ್ ಜಾಗದಲ್ಲಿ ಒಡನಾಟ ಬೆಳೆಸುವುದು ಹೇಗೆ? ನಡೆಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಕೋವರ್ಕಿಂಗ್ ಜಾಗ ಎಂದರೆ ಬೇರೆ ಬೇರೆ ಕೆಲಸದವರು ಬಾಡಿಗೆ ಕೊಟ್ಟು ಒಂದೇ ಕಡೆ ಕೂತು ಕೆಲಸ ಮಾಡುವ ಆಫೀಸು. ಅದಕ್ಕೆ ಮೇಜು, ಕುರ್ಚಿ, ವೈಫೈ ಹೊಂದಿಸುವುದು ದೊಡ್ಡ ವಿಷಯವಲ್ಲ. ಹಣ ಇದ್ದರೆ ಬೇಗ ಆಗುತ್ತದೆ. ಅಲ್ಲಿ ಬಂದು ಕೂರುವ ಫ್ರೀಲ್ಯಾನ್ಸರ್‌ಗಳು, ರಿಮೋಟ್ ಕೆಲಸದವರು, ಪುಟ್ಟ ಸ್ಟಾರ್ಟಪ್‌ಗಳು ಒಬ್ಬರಿಗೊಬ್ಬರು ಆಗಿಬರುವಂತೆ ಮಾಡುವುದೇ ಕಷ್ಟ. ಇದಕ್ಕೆ ಮದ್ದು ಅಂತ ಎಷ್ಟೋ ಕಡೆ ಪಾರ್ಟಿ, ಆಟ, ಸ್ಪರ್ಧೆ ಶುರು ಮಾಡುತ್ತಾರೆ. ನಾನು ಆ ದಾರಿ ಹೇಳುವುದಿಲ್ಲ. ಜನ ಬರುವುದು ಕೆಲಸ ಮಾಡಲು. ಕೆಲಸ ಸಲೀಸಾಗಿ ಸಾಗುವ ಕಡೆಗೆ ಅವರು ಮತ್ತೆ ಮತ್ತೆ ಬರುತ್ತಾರೆ. ಮತ್ತೆ ಮತ್ತೆ ಬಂದರೆ ಮುಖಪರಿಚಯ ಆಗುತ್ತದೆ, ಆಮೇಲೆ ಮಾತು. ಈ ಕ್ರಮ ತಿರುಗಿಸಿದರೆ ಕೆಡುತ್ತದೆ.

ಕೋವರ್ಕಿಂಗ್‌ನ ಮೊದಲ ಕತೆಯೇ ಇದನ್ನು ಹೇಳುತ್ತದೆ. 2005ರ ಆಗಸ್ಟ್ 9ರಂದು ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥದ್ದೊಂದು ಜಾಗ ತೆರೆಯುತ್ತಿದ್ದೇನೆ ಎಂದು ಪ್ರಕಟಿಸಿದರು. ಜಾಗದ ಹೆಸರು ಸ್ಪೈರಲ್ ಮ್ಯೂಸ್. ಐದರಿಂದ ಎಂಟು ಮೇಜು, ವಾರಕ್ಕೆ 2 ದಿನ ಮಾತ್ರ. ಜೊತೆಯಲ್ಲಿ ಊಟ, ಧ್ಯಾನ, ಮಸಾಜ್, ಸೈಕಲ್ ಸುತ್ತಾಟ ಎಲ್ಲವೂ ಪಟ್ಟಿಯಲ್ಲಿತ್ತು. ಸಂಜೆ 5:45ಕ್ಕೆ ಕಡ್ಡಾಯವಾಗಿ ಬಾಗಿಲು ಹಾಕುವ ನಿಯಮ ಬೇರೆ. ಮೊದಲ ತಿಂಗಳು ಒಬ್ಬರೂ ಬರಲಿಲ್ಲ! ಈಗ ಆಗಸ್ಟ್ 9ನ್ನು ಕೋವರ್ಕಿಂಗ್ ದಿನ ಅಂತ ಆಚರಿಸುತ್ತಾರೆ. ಆದರೆ ಆ ಖಾಲಿ ತಿಂಗಳನ್ನು ಹೆಚ್ಚಿನವರು ನೆನೆಸಿಕೊಳ್ಳುವುದಿಲ್ಲ.

ಹಂತ 1: ಬಾಗಿಲು ತೆರೆಯುವ ಮೊದಲೇ ಜನ ಇರಲಿ

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಸಣ್ಣದೊಂದು ಗುಂಪು ಕಟ್ಟಿ. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದೇ ಫ್ಲ್ಯಾಟ್‌ನಲ್ಲಿದ್ದ ಇಬ್ಬರು ಗೆಳೆಯರು 'ಲ್ಯಾಪ್‌ಟಾಪ್ ತಗೊಂಡು ನಮ್ಮನೆಗೇ ಬನ್ನಿ, ಒಟ್ಟಿಗೆ ಕೂತು ಕೆಲಸ ಮಾಡೋಣ' ಎಂದು ಕರೆಯಲು ಶುರು ಮಾಡಿದರು. ಅದಕ್ಕೆ ಜೆಲ್ಲಿ ಎಂದು ಹೆಸರಾಯಿತು, ಬೇರೆ ಬೇರೆ ಊರುಗಳಿಗೂ ಹಬ್ಬಿತು. ಅದೇ ಉಪಾಯ ನಿಮಗೂ ಸಾಕು.

ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಯಾರದಾದರೂ ಮನೆ, ಗ್ರಂಥಾಲಯದ ಕೋಣೆ, ಎರವಲು ಸಿಕ್ಕ ಆಫೀಸು, ಯಾವುದಾದರೂ ಸರಿ. ದಿನ ಮತ್ತು ಹೊತ್ತು ಮಾತ್ರ ಬದಲಿಸಬೇಡಿ. ಮೂವರೇ ಬಂದರೂ ನಡೆಸಿ. ಒಂದೆರಡು ತಿಂಗಳು ಹೀಗೆ ನಡೆದರೆ ಯಾರು ತಪ್ಪದೆ ಬರುತ್ತಾರೆ, ಯಾರು ಕುತೂಹಲಕ್ಕೆ ಒಮ್ಮೆ ಬಂದು ಹೋದರು ಎಂದು ತಿಳಿಯುತ್ತದೆ. ತಪ್ಪದೆ ಬಂದವರನ್ನು ಜಾಗ ಹುಡುಕುವಾಗಲೇ ಜೊತೆಗೆ ಸೇರಿಸಿಕೊಳ್ಳಿ. ಬೆಳಕು ಎಲ್ಲಿಂದ ಬೇಕು, ಎಷ್ಟು ಹೊತ್ತಿಗೆ ಬಾಗಿಲು ತೆರೆದಿರಬೇಕು, ಫೋನ್ ಕರೆ ಎಷ್ಟು ಇರುತ್ತವೆ ಎಂದು ಅವರನ್ನೇ ಕೇಳಿ. ಮುಂದೆ ಹೊಸಬರಿಗೆ ಜಾಗದ ರೀತಿ ರಿವಾಜು ಕಲಿಸುವವರು ಇವರೇ.

ಈಗಾಗಲೇ ಜಾಗ ನಡೆಸುತ್ತಿದ್ದೀರಾ? ಆಗಲೂ ಇದನ್ನೇ ಒಳಗೆ ಮಾಡಿ. ವಾರಕ್ಕೊಂದು ದಿನ ಹೊರಗಿನವರಿಗೆ ಬಾಗಿಲು ತೆರೆದಿಡಿ.

ಹಂತ 2: ಸದ್ದಿಗೊಂದು ವ್ಯವಸ್ಥೆ

ಇದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತಿದ್ದೇನೆ. ಯಾಕೆಂದರೆ ಒಡನಾಟ ಕೆಡುವುದು ಹೆಚ್ಚಾಗಿ ಸದ್ದಿನಿಂದಲೇ. ಪಕ್ಕದವರ ಮೇಲೆ ದಿನವೂ ಒಳಗೊಳಗೆ ಸಿಡಿಮಿಡಿಗೊಳ್ಳುವವರು ಅವರ ಜೊತೆ ಊಟಕ್ಕೆ ಕೂರುತ್ತಾರಾ?

ಮೊದಲು ಸ್ವಲ್ಪ ಲೆಕ್ಕ. ಸಾಮಾನ್ಯ ಮಾತುಕತೆ 1 ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಅಂದರೆ 4 ಮೀಟರ್‌ಗೆ ಸುಮಾರು 48. ಕೋಣೆಯಲ್ಲಿ ಇಷ್ಟು ಇಳಿಯುವುದಿಲ್ಲ. ಗಾಜು, ಕಾಂಕ್ರೀಟು, ಬರಿ ಚಾವಣಿ ಸದ್ದನ್ನು ವಾಪಸ್ ಎಸೆಯುತ್ತವೆ. ನೋಡಲು ಚೆಂದ ಅಂತ ಚಾವಣಿಯನ್ನು ಬೋಳಾಗಿ ಬಿಟ್ಟ ಜಾಗಗಳಲ್ಲಿ ಮೂಲೆಯ ಮಾತು ಇನ್ನೊಂದು ಮೂಲೆಯವರ ಕಿವಿಗೆ ಬೀಳುತ್ತದೆ. ಹಣ ಕಡಿಮೆ ಇದ್ದರೆ ಮೊದಲು ಚಾವಣಿಗೆ ಸದ್ದು ಹೀರುವ ಹಲಗೆ ಹಾಕಿಸಿ. ಆಮೇಲೆ ನೆಲಕ್ಕೆ ಕಾರ್ಪೆಟ್. ಅಲಂಕಾರ ಕೊನೆಗೆ.

ಎಷ್ಟು ಸದ್ದು ಅನ್ನುವುದಕ್ಕಿಂತ ಎಂಥ ಸದ್ದು ಅನ್ನುವುದು ಮುಖ್ಯ. ಫ್ಯಾನಿನ ಗುಂಯ್ ಶಬ್ದ ಸ್ವಲ್ಪ ಹೊತ್ತಿಗೆ ಮರೆತುಹೋಗುತ್ತದೆ. ಅರ್ಥವಾಗುವ ಮಾತು ಹಾಗಲ್ಲ, ಗಮನವನ್ನು ಎಳೆದುಕೊಳ್ಳುತ್ತದೆ. ಅದರಲ್ಲೂ ಫೋನ್ ಕರೆ. 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಇಬ್ಬರ ಮಾತೂ ಕೇಳಿಸಿದಾಗಿನದಕ್ಕಿಂತ ಫೋನಿನ ಒಂದೇ ಬದಿ ಕೇಳಿಸಿದಾಗ ಜನರ ಗಮನ ಹೆಚ್ಚು ಚದುರಿತು. ಮುಂದೇನು ಹೇಳುತ್ತಾರೋ ಎಂದು ಮನಸ್ಸು ಊಹಿಸುತ್ತಲೇ ಇರುತ್ತದೆ. ಹಾಗಾಗಿ ಅಕ್ಕಪಕ್ಕದ ಇಬ್ಬರು ಮೆಲ್ಲಗೆ ಮಾತಾಡಿದರೆ ಸಹಿಸಬಹುದು, ಒಬ್ಬರೇ ಫೋನಿನಲ್ಲಿ ಮಾತಾಡಿದರೆ ಕಷ್ಟ. ನಿಯಮವೂ ಅದಕ್ಕೆ ತಕ್ಕಂತೆ ಇರಬೇಕು.

ಹೀಗೆ ಮಾಡಿ. ಜಾಗವನ್ನು ಮೂರು ಭಾಗ ಮಾಡಿ. ಮೊದಲನೆಯದು ಪೂರಾ ಮೌನದ ಕೋಣೆ, ಅಲ್ಲಿ ಕರೆಯೂ ಇಲ್ಲ, ಮಾತೂ ಇಲ್ಲ. ಎರಡನೆಯದು ಮೆಲುದನಿಯ ಮಾತು ನಡೆಯುವ ಸಾಮಾನ್ಯ ಭಾಗ. ಮೂರನೆಯದು ಪ್ಯಾಂಟ್ರಿಯ (ಕಾಫಿ, ಊಟದ ಕೋಣೆ) ಸುತ್ತ ಧಾರಾಳವಾಗಿ ಮಾತಾಡಬಹುದಾದ ಜಾಗ. ಮೌನದ ಕೋಣೆ ಬಾಗಿಲಿನಿಂದ ದೂರ ಇರಲಿ. ಪ್ರಿಂಟರ್, ನೀರು, ಕಾಫಿ ಮೆಷಿನ್ ಯಾವುದೂ ಅದರ ಹತ್ತಿರ ಬೇಡ. ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಬಾಗಿಲೋ ಗೋಡೆಯೋ ಬೇಕು. ಬರೀ ಬೋರ್ಡು ತಗುಲಿಸಿದರೆ ಸದ್ದು ನಿಲ್ಲುವುದಿಲ್ಲ.

ಫೋನ್ ಬೂತ್‌ಗಳು, ಅಂದರೆ ಒಬ್ಬರೇ ಕೂತು ಕರೆ ಮಾಡುವ ಮುಚ್ಚಿದ ಪುಟ್ಟ ಕೋಣೆಗಳು, ಮೀಟಿಂಗ್ ರೂಮ್‌ಗಿಂತ ಜಾಸ್ತಿ ಇರಲಿ. ಹತ್ತು ಕುರ್ಚಿಯ ರೂಮಿನಲ್ಲಿ ಒಬ್ಬರೇ ವಿಡಿಯೋ ಕರೆಯಲ್ಲಿ ಇದ್ದಾರೆಂದರೆ ಬೂತ್ ಸಾಲುತ್ತಿಲ್ಲ ಎಂದೇ ಅರ್ಥ. ಬೂತ್‌ನಲ್ಲಿ ಗಾಳಿ ಆಡುತ್ತದೆಯೇ ನೋಡಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷಕ್ಕೆ 420 ಭಾಗ) ಇರುತ್ತದೆ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅದು 1000 ದಾಟಲು ಹೆಚ್ಚು ಹೊತ್ತು ಬೇಡ. ಉಸಿರುಕಟ್ಟುವ ಬೂತ್‌ನಿಂದ ಜನ ಫೋನ್ ಹಿಡಿದು ಮತ್ತೆ ಮೇಜಿಗೇ ಬರುತ್ತಾರೆ.

ಇನ್ನು ಹೆಡ್‌ಫೋನ್. ಎರಡೂ ಕಿವಿಗೆ ಹಾಕಿದ್ದರೆ 'ಈಗ ಬೇಡ' ಎಂದು ಅರ್ಥ. ಇದನ್ನು ಮೊದಲ ದಿನವೇ ಹೇಳಿಬಿಡಿ. ಭುಜ ತಟ್ಟಿ ಕರೆಯುವುದು ಬೇಡ, ಮೆಸೇಜ್ ಹಾಕಿ ಕಾಯಲಿ. ಇದು ಮುಖ ಮುರಿದಂತೆ ಕಾಣಬಹುದು. ಆದರೆ ಬೇಡ ಅನ್ನುವ ಹಕ್ಕು ಇರುವ ಕಡೆ ಜನ ನಿರಾಳವಾಗಿ ಮಾತಿಗೆ ಸಿಗುತ್ತಾರೆ.

ಹಂತ 3: ಯಾರು ಎಲ್ಲಿ ಕೂರಬೇಕು

ಅಮೆರಿಕದ ಎಂಐಟಿ ತಾಂತ್ರಿಕ ವಿದ್ಯಾಸಂಸ್ಥೆಯ ಥಾಮಸ್ ಆಲನ್ 1970ರ ದಶಕದಲ್ಲಿ ಎಂಜಿನಿಯರ್‌ಗಳ ಮಾತುಕತೆಯನ್ನು ಅಳೆದು ನೋಡಿದರು. ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಮಾತು ತಟ್ಟನೆ ಕಡಿಮೆಯಾಗುತ್ತದೆ. ಸುಮಾರು 50 ಮೀಟರ್ ದಾಟಿದರೆ ಇಲ್ಲವೇ ಇಲ್ಲ ಅನ್ನುವಷ್ಟು. ಬೇರೆ ಮಹಡಿ ಆದರಂತೂ ಬೇರೆ ಊರೇ. ಎರಡು ಮಹಡಿಯ ಜಾಗ ಇದ್ದರೆ ಪ್ಯಾಂಟ್ರಿ ಒಂದೇ ಮಹಡಿಯಲ್ಲಿ ಇರಲಿ. ಎರಡೂ ಕಡೆ ಇಟ್ಟರೆ ಅನುಕೂಲ ನಿಜ, ಜನ ಮಾತ್ರ ಎರಡು ಹೋಳಾಗುತ್ತಾರೆ.

ಹಾಟ್ ಡೆಸ್ಕ್‌ನವರನ್ನೆಲ್ಲ (ಕಾಯಂ ಮೇಜಿಲ್ಲದೆ ಆ ದಿನ ಖಾಲಿ ಇದ್ದಲ್ಲಿ ಕೂರುವವರು) ಒಂದು ಕಡೆ, ಕಾಯಂ ಮೇಜಿನವರನ್ನೆಲ್ಲ ಇನ್ನೊಂದು ಕಡೆ ಕೂರಿಸಬೇಡಿ. ಬೆರೆಸಿ. ಕಾಯಂ ಇರುವವರು ಜಾಗದ ನೆನಪು, ಬಂದುಹೋಗುವವರು ಹೊಸ ಸುದ್ದಿ. ಇಬ್ಬರೂ ಹತ್ತಿರ ಇರಬೇಕು.

ತಂಡಗಳ ಬಗ್ಗೆ ಹುಷಾರು. ಎಂಟು ಜನರ ಕಂಪನಿಯೊಂದು ಬಂದರೆ ವರಮಾನಕ್ಕೆ ಒಳ್ಳೆಯದು. ಅವರು ತಮ್ಮಲ್ಲೇ ಮಾತಾಡಿಕೊಂಡು, ತಮ್ಮಲ್ಲೇ ಊಟ ಮಾಡಿ ಹೋಗುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಮೇಜು ಒಂದೇ ತಂಡದ ಕೈಗೆ ಹೋದರೆ ಉಳಿದವರು ಬೇರೆಯವರ ಆಫೀಸಿನಲ್ಲಿ ಬಾಡಿಗೆಗೆ ಕೂತ ಹಾಗಾಗುತ್ತದೆ. ಒಂದು ತಂಡಕ್ಕೆ ಗರಿಷ್ಠ ಎಷ್ಟು ಮೇಜು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಹಂತ 4: ಹೊಸಬರ ಮೊದಲ ಎರಡು ವಾರ

ಹೊಸ ಸದಸ್ಯರು ಉಳಿಯುತ್ತಾರೋ ಇಲ್ಲವೋ ಎಂಬುದು ಇಲ್ಲೇ ನಿರ್ಧಾರವಾಗುತ್ತದೆ. ಜಾಗ ತೋರಿಸಿ, ಪಾಸ್‌ವರ್ಡ್ ಕೊಟ್ಟು, ಕೈಕುಲುಕಿ ಕಳಿಸಿದರೆ ಸಾಲದು.

ಸೇರುವಾಗಲೇ ಎರಡು ಪ್ರಶ್ನೆ ಕೇಳಿ. ನಿಮ್ಮನ್ನು ಯಾವ ವಿಷಯಕ್ಕೆ ಬೇರೆಯವರು ಕೇಳಬಹುದು? ಈಗ ನಿಮಗೆ ಯಾವ ವಿಷಯದಲ್ಲಿ ಸಹಾಯ ಬೇಕು? ಮೊದಲನೆಯದಕ್ಕೆ ಉತ್ತರ ಸುಲಭವಾಗಿ ಬರುತ್ತದೆ. ಎರಡನೆಯದಕ್ಕೆ ಸ್ವಲ್ಪ ಕಾಯಬೇಕು, ಆದರೆ ಸ್ನೇಹ ಶುರುವಾಗುವುದು ಅಲ್ಲಿಂದ.

ಆಮೇಲೆ ಮೊದಲ ದಿನ ಇಬ್ಬರಿಗೆ ಪರಿಚಯ ಮಾಡಿಸಿ. ಇಬ್ಬರೇ ಸಾಕು, ಇಪ್ಪತ್ತು ಹೆಸರು ಯಾರಿಗೂ ನೆನಪಿರುವುದಿಲ್ಲ. 'ಇವರು ಡಿಸೈನರ್, ಇವರು ಅಕೌಂಟೆಂಟ್' ಎಂದರೆ ಮಾತು ಅಲ್ಲೇ ನಿಲ್ಲುತ್ತದೆ. 'ಇವರು ಮೊದಲ ಸಲ ವಿದೇಶಿ ಗ್ರಾಹಕರಿಗೆ ಬಿಲ್ ಕಳಿಸಬೇಕಂತೆ, ನೀವು ಹೋದ ತಿಂಗಳು ಅದೇ ತಲೆನೋವಲ್ಲಿ ಇದ್ರಲ್ಲಾ' ಅಂದು ನೋಡಿ. ನೀವು ಅಲ್ಲಿಂದ ಸರಿದರೂ ಮಾತು ಮುಂದುವರಿಯುತ್ತದೆ.

ಮೂರನೆಯ ದಿನ ಹೋಗಿ ಒಂದು ನಿಮಿಷ ಮಾತಾಡಿಸಿ: ಕುರ್ಚಿ ಸರಿಯಿದೆಯಾ, ವೈಫೈ ಸಿಗುತ್ತಿದೆಯಾ. ಎರಡು ವಾರಕ್ಕೆ ಇನ್ನೊಮ್ಮೆ: ಇಲ್ಲಿ ಯಾರ ಹೆಸರು ಗೊತ್ತಾಯಿತು? ಯಾರದ್ದೂ ಇಲ್ಲ ಅಂದರೆ ಮತ್ತೆ ಪರಿಚಯ ಮಾಡಿಸಿ. ಮಾತು ಕಡಿಮೆ ಇರುವವರನ್ನು ಎಳೆದಾಡಬೇಡಿ. ಸುಮ್ನೆ ಬಂದು ಕೆಲಸ ಮಾಡಿ ಹೋಗುವುದೂ ಜೊತೆಗಿರುವ ಒಂದು ರೀತಿಯೇ.

ಹೊಸಬರಿಗೆ ಒಂದು ಮಾತು ನೇರವಾಗಿ ಹೇಳಬೇಕು: ಬಂದ ವಾರವೇ ನಿಮ್ಮ ಸೇವೆ ಮಾರಲು ಮೇಜಿಂದ ಮೇಜಿಗೆ ಹೋಗಬೇಡಿ. ವಿಮೆಯೋ ಸಾಫ್ಟ್‌ವೇರೋ, ಮಾರುವವರು ಬರುತ್ತಿದ್ದಾರೆ ಎಂದು ಗೊತ್ತಾದರೆ ಜನ ಹೆಡ್‌ಫೋನ್ ಏರಿಸುತ್ತಾರೆ.

ಹಂತ 5: ನಿಯಮ ಯಾರು ಬರೆಯಬೇಕು

ಹಂಚಿಕೊಂಡ ಸೊತ್ತನ್ನು ಜನ ಹಾಳು ಮಾಡಿಯೇ ತೀರುತ್ತಾರೆ ಎಂಬ ವಾದ ಹಳೆಯದು. ಅಮೆರಿಕದ ಸಂಶೋಧಕಿ ಎಲಿನೋರ್ ಆಸ್ಟ್ರಮ್ ಅದನ್ನು ಒಪ್ಪಲಿಲ್ಲ. ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿ ಕಾಲುವೆಗಳನ್ನು ಜನರೇ ಒಟ್ಟಾಗಿ ಬಹುಕಾಲ ಉಳಿಸಿಕೊಂಡದ್ದನ್ನು ಅವರು ಅಧ್ಯಯನ ಮಾಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು, ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ. ಅವರು ಕಂಡುಕೊಂಡ ಎಂಟು ಸೂತ್ರಗಳಲ್ಲಿ ಮೂರು ನಮಗೆ ನೇರವಾಗಿ ಬೇಕು. ನಿಯಮದಡಿ ಬದುಕುವವರೇ ನಿಯಮ ಮಾಡುವುದರಲ್ಲಿ ಇರಬೇಕು. ಶಿಕ್ಷೆ ಚಿಕ್ಕದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಜಗಳ ಬಗೆಹರಿಸಲು ಹತ್ತಿರದಲ್ಲೇ, ಖರ್ಚಿಲ್ಲದ ದಾರಿ ಇರಬೇಕು.

ಮಾಡುವ ಬಗೆ ಹೀಗೆ. ನಾಲ್ಕೈದು ಸದಸ್ಯರು ಸೇರಿ ಒಂದೇ ಪುಟದ ಕರಡು ಬರೆಯಲಿ. ಎಲ್ಲರಿಗೂ ಓದಲು ಒಂದು ವಾರ ಕೊಡಿ, ತಿದ್ದಿ, ಆರು ತಿಂಗಳಿಗೊಮ್ಮೆ ಮತ್ತೆ ತೆರೆಯಿರಿ. ಒಂದು ಪುಟ ಮೀರಿದರೆ ಯಾರೂ ಓದುವುದಿಲ್ಲ.

ಆ ಪುಟದಲ್ಲಿ ಇವು ಇದ್ದೇ ಇರಲಿ:

- ಬುಕ್ ಮಾಡಿದ ಮೀಟಿಂಗ್ ರೂಮಿಗೆ 10 ನಿಮಿಷದಲ್ಲಿ ಬರದಿದ್ದರೆ ಅದು ಬೇರೆಯವರಿಗೆ.
- ಬ್ಯಾಗ್ ಇಟ್ಟು ಹಾಟ್ ಡೆಸ್ಕ್ ಹಿಡಿದಿಟ್ಟು ಅರ್ಧ ದಿನ ಹೋಗುವಂತಿಲ್ಲ.
- ಬಳಸಿದ ಕಪ್ಪು, ತಟ್ಟೆ ತೊಳೆಯುವುದು ಬಳಸಿದವರ ಕೆಲಸ. ಫ್ರಿಜ್ ವಾರಕ್ಕೊಮ್ಮೆ, ಗೊತ್ತಾದ ದಿನ ಖಾಲಿ.
- ಅತಿಥಿಗಳ ಜವಾಬ್ದಾರಿ ಕರೆದವರದ್ದು.
- ಬೇರೆಯವರ ಮುಖ, ಪರದೆ ಬೀಳುವಂತೆ ಫೋಟೋ, ವಿಡಿಯೋ ತೆಗೆಯುವಂತಿಲ್ಲ.

ತಪ್ಪಿದವರಿಗೆ ಮೊದಲ ಸಲ ಪಕ್ಕಕ್ಕೆ ಕರೆದು ಬಾಯಿಮಾತು. ಎರಡನೆಯ ಸಲ ಬರಹದಲ್ಲಿ. ಮೂರನೆಯ ಸಲ ಒಂದು ತಿಂಗಳು ರೂಮ್ ಬುಕಿಂಗ್ ಇಲ್ಲ. ಅದಾದ ಮೇಲೂ ಹಾಗೇ ಆದರೆ ಸದಸ್ಯತ್ವ ಮುಗಿಸಿ. ಈ ಮೆಟ್ಟಿಲುಗಳು ಅದೇ ಪುಟದಲ್ಲಿ ಇದ್ದರೆ ಯಾರಿಗೂ ನನ್ನ ಮೇಲೇ ಕಣ್ಣು ಅನ್ನಿಸುವುದಿಲ್ಲ.

ಸಿಂಕ್ ಮೇಲೆ 'ನಿಮ್ಮ ಅಮ್ಮ ಇಲ್ಲಿ ಕೆಲಸ ಮಾಡುವುದಿಲ್ಲ' ಎಂಬಂಥ ಚೀಟಿ ಅಂಟಿಸುವುದನ್ನು ದಯವಿಟ್ಟು ನಿಲ್ಲಿಸಿ. ಕಪ್ಪು ತೊಳೆಯುವವರಿಗೆ ಅದು ಚುಚ್ಚುತ್ತದೆ, ತೊಳೆಯದವರು ಅದನ್ನು ಓದುವುದೇ ಇಲ್ಲ.

ಹಂತ 6: ಸೇರುವ ಹೊತ್ತುಗಳು

ವರ್ಷಕ್ಕೊಂದು ಭರ್ಜರಿ ಸಮಾರಂಭಕ್ಕಿಂತ ವಾರಕ್ಕೊಂದು ಪುಟ್ಟ ರೂಢಿ ಮೇಲು. ಹಣವೂ ಉಳಿಯುತ್ತದೆ.

ನಾನು ಮೂರನ್ನು ಹೇಳುತ್ತೇನೆ. ಒಂದು, ವಾರದ ಮೊದಲ ದಿನ ಬೆಳಿಗ್ಗೆ 15 ನಿಮಿಷ ನಿಂತುಕೊಂಡೇ ಸುತ್ತು: ಈ ವಾರ ಏನು ಮುಗಿಸಬೇಕು, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಎರಡು, ವಾರಕ್ಕೊಂದು ದಿನ ಒಂದೇ ಉದ್ದ ಮೇಜಿನಲ್ಲಿ ಊಟ, ಅವರವರ ಡಬ್ಬಿ ಅವರವರದ್ದು. ಮೂರು, ತಿಂಗಳಿಗೆರಡು ಸಲ ಒಂದು ಗಂಟೆ 'ಕೇಳಿ' ಕೂಟ. ಒಬ್ಬ ಸದಸ್ಯರು ತಮಗೆ ಗೊತ್ತಿರುವ ವಿಷಯ ಹಿಡಿದು ಕೂರುತ್ತಾರೆ, ತೆರಿಗೆಯೋ ಫೋಟೋ ಎಡಿಟಿಂಗೋ. ಬೇಕಾದವರು ತಮ್ಮ ಸಮಸ್ಯೆ ತರುತ್ತಾರೆ. ಭಾಷಣ ಇಲ್ಲ, ಸ್ಲೈಡ್ ಇಲ್ಲ. ಈ ಮೂರೂ ಜನರ ಕೆಲಸದಿಂದಲೇ ಹುಟ್ಟಿದವು, ಅದಕ್ಕೇ ಬಾಳುತ್ತವೆ.

ಎಲ್ಲವೂ ಕೆಲಸದ ಹೊತ್ತಿನಲ್ಲೇ ಇರಲಿ. ಸಂಜೆ ಏಳಕ್ಕೆ ಇಟ್ಟರೆ ಮನೆಯಲ್ಲಿ ಮಕ್ಕಳಿರುವವರು, ದೂರದಿಂದ ಬರುವವರು ಶಾಶ್ವತವಾಗಿ ಹೊರಗುಳಿಯುತ್ತಾರೆ. ಕುಡಿತ ಇಲ್ಲದೆ ಕೂಟವೇ ಇಲ್ಲ ಎನ್ನುವ ಜಾಗದಲ್ಲೂ ಅಷ್ಟೇ.

ನಡೆಸುವುದು ಸದಸ್ಯರ ಕೈಯಲ್ಲಿ ಇರಲಿ. ಕಮ್ಯುನಿಟಿ ಮ್ಯಾನೇಜರ್ (ಸದಸ್ಯರ ಒಡನಾಟ ನೋಡಿಕೊಳ್ಳುವ ಸಿಬ್ಬಂದಿ) ರೂಮ್ ಹಿಡಿದಿಟ್ಟು ನೆನಪು ಮಾಡಿದರೆ ಸಾಕು. ಸತತ ಮೂರು ಸಲ ಯಾರೂ ಬರದ ರೂಢಿಯನ್ನು ಸದ್ದಿಲ್ಲದೆ ನಿಲ್ಲಿಸಿ.

ಹಂತ 7: ಚಾಟ್ ಗುಂಪು

ಎರಡು ಗುಂಪು ಸಾಕು. ಒಂದರಲ್ಲಿ ನೀವು ಮಾತ್ರ ಬರೆಯುವ ಪ್ರಕಟಣೆ: ನೀರಿಲ್ಲ, ರಜೆ, ದುರಸ್ತಿ. ಇನ್ನೊಂದು ಎಲ್ಲರಿಗೂ: ಚಾರ್ಜರ್ ಸಿಕ್ಕಿದೆ, ಯಾರಾದರೂ ವಕೀಲರು ಗೊತ್ತಾ. ಶುಭೋದಯದ ಚಿತ್ರಗಳು ಬೇಡ ಎಂದು ಮೊದಲ ದಿನವೇ ಬರೆದಿಡಿ.

ಹಂತ 8: ಭದ್ರತೆ ಮತ್ತು ಖಾಸಗಿತನ

ವೈಫೈಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಭದ್ರತೆ ಇರಲಿ. ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರಿಗೆ ಕಾಣದಂತೆ ರೂಟರ್‌ನಲ್ಲಿ ಕ್ಲೈಂಟ್ ಐಸೊಲೇಶನ್ ಆನ್ ಮಾಡಿಸಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ, 1, 6 ಮತ್ತು 11. ಜನ ಹೆಚ್ಚಿದ್ದರೆ ಎಲ್ಲರನ್ನೂ 5 ಗಿಗಾಹರ್ಟ್ಸ್‌ಗೆ ಸರಿಸಿ. ಕನೆಕ್ಷನ್ ತಗೊಳ್ಳುವಾಗ ಅಪ್‌ಲೋಡ್ ವೇಗ ಕೇಳಿ. ವಿಡಿಯೋ ಕರೆಯಲ್ಲಿ ನಿಮ್ಮ ಮುಖ ಆ ಕಡೆಯವರಿಗೆ ಸರಿಯಾಗಿ ಕಾಣಬೇಕಾದರೆ ಅದು ಬೇಕು. ಮೇಜಿಂದ ಏಳುವಾಗ ಪರದೆ ಲಾಕ್ ಮಾಡುವುದು, ಪ್ರಿಂಟರ್‌ನಲ್ಲಿ ಹಾಳೆ ಬಿಡದಿರುವುದು ಸದಸ್ಯರ ಪಾಲಿನ ಕೆಲಸ.

ಕಿರುಕುಳದ ವಿಷಯಕ್ಕೆ ಹಂತ 5ರ ಮೆಟ್ಟಿಲುಗಳ ಲೆಕ್ಕ ಬೇಡ. ಯಾರಿಗೆ ಹೇಳಬೇಕು ಎಂದು ಎರಡು ಹೆಸರು ಗೋಡೆಯ ಮೇಲೆ ಇರಲಿ. ಅವರಲ್ಲಿ ಒಬ್ಬರು ಆಡಳಿತದವರಲ್ಲದ ಸದಸ್ಯರಾಗಿರಲಿ, ಯಾಕೆಂದರೆ ದೂರು ಆಡಳಿತದವರ ಮೇಲೇ ಇರಬಹುದು. ಹೇಳಿದ್ದನ್ನು ಅದೇ ದಿನ ಬರೆದಿಟ್ಟುಕೊಳ್ಳಿ, ದೂರು ಕೊಟ್ಟವರನ್ನು ಕೇಳದೆ ಮುಂದಿನ ಹೆಜ್ಜೆ ಇಡಬೇಡಿ. ದೂರಿಗೊಳಗಾದವರು ತುಂಬಾ ಹಣ ಕೊಡುವ ಸದಸ್ಯರು ಎಂಬ ಕಾರಣಕ್ಕೆ ತಡಮಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಯಾರೂ ನಿಮ್ಮಲ್ಲಿಗೆ ಬರುವುದಿಲ್ಲ.

ಹಂತ 9: ಜಗಳ ಬಂದಾಗ

ಎಸಿ ಜಗಳ ಗೆಲ್ಲಲಾಗುವುದಿಲ್ಲ. ಒಳಾಂಗಣದ ಹಿತಕ್ಕೆಂದೇ ಎಸಿ ಎಂಜಿನಿಯರ್‌ಗಳ ಅಮೆರಿಕನ್ ಸಂಘ ಮಾಡಿರುವ ಆಶ್ರೇ 55 ಮಾನದಂಡವೂ ನೂರಕ್ಕೆ 80 ಜನರಿಗೆ ಒಪ್ಪಿಗೆಯಾದರೆ ಸಾಕು ಎನ್ನುತ್ತದೆ. ಆದ್ದರಿಂದ ಒಂದು ಉಷ್ಣಾಂಶ ಗೊತ್ತು ಮಾಡಿ, ರಿಮೋಟ್ ನಿಮ್ಮ ಬಳಿ ಇಟ್ಟುಕೊಳ್ಳಿ. ಯಾವ ಮೇಜಿಗೆ ಗಾಳಿ ನೇರ ಬೀಳುತ್ತದೆ, ಯಾವುದಕ್ಕೆ ಬಿಸಿಲು ಎಂದು ನಕ್ಷೆ ಬರೆದು ತೂಗುಹಾಕಿ. ಚಳಿ ಆಗುವವರು ಎದ್ದು ಬೇರೆ ಕಡೆ ಕೂರಬಹುದು. ಹಾಟ್ ಡೆಸ್ಕ್‌ನ ಲಾಭ ಅದೇ ಅಲ್ವಾ?

ಜೋರಾಗಿ ಮಾತಾಡುವವರ ಬಗ್ಗೆ ದೂರು ಬಂದರೆ ದೂರು ಕೊಟ್ಟವರ ಹೆಸರು ಹೇಳಬೇಡಿ. 'ಯಾರೋ ಹೇಳಿದರು' ಅನ್ನುವುದೂ ಬೇಡ, ಅವರು ಅಲ್ಲಿಂದ ಪ್ರತಿ ಮುಖವನ್ನೂ ಅನುಮಾನಿಸುತ್ತಾರೆ. ನೀವೇ ಹೋಗಿ ಹತ್ತು ನಿಮಿಷ ಹತ್ತಿರ ಕೂತು ಕೇಳಿ. ಆಮೇಲೆ ನೀವು ಕೇಳಿದ್ದನ್ನೇ ಹೇಳಿ.

ನಿಜಕ್ಕೂ ಕಷ್ಟದ್ದು ಹಣದ ಜಗಳ. ಒಬ್ಬ ಸದಸ್ಯರು ಇನ್ನೊಬ್ಬರಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ, ದುಡ್ಡು ಬರುವುದಿಲ್ಲ, ಇಬ್ಬರೂ ದಿನವೂ ಎದುರುಬದುರು. ನ್ಯಾಯಾಧೀಶರಾಗಲು ಹೋಗಬೇಡಿ. ಸದಸ್ಯರ ನಡುವಿನ ಕೆಲಸಕ್ಕೆ ಎಷ್ಟು, ಯಾವಾಗ, ಎಷ್ಟು ಸಲ ತಿದ್ದುಪಡಿ ಎಂಬ ಅರ್ಧ ಪುಟದ ಬರಹ ಇರಲಿ ಎಂದು ಮೊದಲೇ ಹೇಳುತ್ತಿರಿ. ಖಾಲಿ ನಮೂನೆಯೊಂದನ್ನು ಗುಂಪಿನಲ್ಲಿ ಹಾಕಿಡಿ. ಜಗಳ ಬಂದೇ ಬಿಟ್ಟರೆ ಮಾತಾಡಲು ಕೋಣೆ ಕೊಡಿ, ಬೇಕಿದ್ದರೆ ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರನ್ನು ಕೂರಿಸಿ. ಚಾಟ್ ಗುಂಪಿನಲ್ಲಿ ಆ ಮಾತು ಬಂದರೆ ಕೂಡಲೇ ಅಳಿಸಿ.

ಹಂತ 10: ಸರಿಯಾಗಿ ನಡೆಯುತ್ತಿದೆಯಾ ಎಂದು ತಿಳಿಯುವುದು

ಕೂಟಕ್ಕೆ ಎಷ್ಟು ಜನ ಬಂದರು ಎಂದು ಎಣಿಸಬೇಡಿ. ಬಿಟ್ಟಿ ಊಟ ಇದ್ದರೆ ಎಲ್ಲರೂ ಬರುತ್ತಾರೆ. ನೋಡಬೇಕಾದದ್ದು ಬೇರೆ. ಸೇರಿ ಮೂರು ತಿಂಗಳಾದವರಿಗೆ ಐದು ಜನರ ಹೆಸರು ಗೊತ್ತಿದೆಯಾ? ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ನೀವು ಉತ್ತರಿಸುವ ಮೊದಲೇ ಯಾರಾದರೂ ಉತ್ತರಿಸುತ್ತಾರಾ? ಹೊಸ ಸದಸ್ಯರಲ್ಲಿ ಎಷ್ಟು ಜನ ಹಳೆಯ ಸದಸ್ಯರ ಮಾತು ಕೇಳಿ ಬಂದರು? ಮೂರು ತಿಂಗಳೊಳಗೆ ಬಿಟ್ಟವರು ಯಾವ ಭಾಗದಲ್ಲಿ ಕೂರುತ್ತಿದ್ದರು? ಕೊನೆಯ ಪ್ರಶ್ನೆಗೆ ಒಂದೇ ಮೂಲೆ ಪದೇ ಪದೇ ಉತ್ತರವಾಗಿ ಬಂದರೆ ಹಂತ 2ಕ್ಕೆ ವಾಪಸ್ ಹೋಗಿ, ಅಲ್ಲಿನ ಸದ್ದು, ಗಾಳಿ, ಬೆಳಕು ನೋಡಿ.

ಬಿಟ್ಟು ಹೋಗುವವರನ್ನು ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿ. 'ಯಾಕೆ ಹೋಗ್ತಿದ್ದೀರಿ' ಎಂದು ಕೇಳಿದರೆ 'ಕೆಲಸ ಬದಲಾಯ್ತು' ಎಂಬ ನಯದ ಉತ್ತರ ಸಿಗುತ್ತದೆ. 'ನಿಮ್ಮ ಗೆಳೆಯರಿಗೆ ಈ ಜಾಗ ಹೇಳುವುದಾದರೆ ಯಾವ ವಿಷಯದಲ್ಲಿ ಎಚ್ಚರಿಸುತ್ತೀರಿ' ಎಂದು ಕೇಳಿ. ಬಂದ ಉತ್ತರವನ್ನು ಅವರ ಹೆಸರಿಲ್ಲದೆ ಬರೆದಿಡಿ. ಠೇವಣಿ ಹೇಳಿದ ದಿನವೇ ವಾಪಸ್ ಕೊಡಿ. ಕೀ ಕಾರ್ಡ್, ಲಾಕರ್ ಕೀ ತಗೊಳ್ಳಿ. ಅವರು ಬಯಸಿದರೆ ಚಾಟ್ ಗುಂಪಿನಲ್ಲಿ ಇರಲು ಬಿಡಿ, ಒಂದು ದಿನದ ಪಾಸ್ ಕೈಗಿಡಿ.